ಗ್ರಂಥವೇ ಗುರು: ಸಿಖ್ ಆರಾಧನೆಯಲ್ಲಿ ಪವಿತ್ರ ಗ್ರಂಥದ ಸ್ಥಾನ

2000ದ ಮಾರ್ಚ್ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಅಪರೂಪದ ಪ್ರಶ್ನೆಯೊಂದಕ್ಕೆ ಉತ್ತರ ಹೇಳಬೇಕಾಯಿತು: ಒಂದು ಗ್ರಂಥಕ್ಕೆ ಜಮೀನಿನ ಒಡೆತನವಿರಬಲ್ಲದೆ? ಪಂಜಾಬಿನ ಗ್ರಾಮವೊಂದರಲ್ಲಿ ಧರ್ಮಶಾಲೆಗೆಂದು ಬಿಟ್ಟುಕೊಟ್ಟ ಭೂಮಿಯು ಕಂದಾಯ ದಾಖಲೆಯಲ್ಲಿ ಗುರು ಗ್ರಂಥ ಸಾಹಿಬ್‌ನ ಹೆಸರಿಗೆ ಸೇರಿತ್ತು. ಗ್ರಂಥವು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯಲ್ಲವೆಂದು ಉಚ್ಚ ನ್ಯಾಯಾಲಯವು ಹೇಳಿತ್ತು. ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಗುರುದ್ವಾರದಲ್ಲಿ ಪ್ರತಿಷ್ಠಾಪಿತವಾದ ಗುರು ಗ್ರಂಥ ಸಾಹಿಬ್ ಕಾನೂನಿನ ಮುಂದೆ ಒಬ್ಬ ವ್ಯಕ್ತಿಯೇ ಎಂದು ತೀರ್ಮಾನಿಸಿತು. ದೇವಸ್ಥಾನದ ವಿಗ್ರಹಕ್ಕೆ ಇಂಥ ಸ್ಥಾನವನ್ನು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಕೊಡುತ್ತ ಬಂದಿವೆ. ಆದರೆ ಸಿಖ್ಖರು ವಿಗ್ರಹಾರಾಧಕರಲ್ಲ. ಗ್ರಂಥವು ವಿಗ್ರಹವಾಗಿರುವುದರಿಂದಲ್ಲ, ಗುರುವಾಗಿರುವುದರಿಂದಲೇ ಅದಕ್ಕೆ ಈ ಸ್ಥಾನವೆಂದು ನ್ಯಾಯಾಲಯವು ವಿವೇಚಿಸಿತು. ಪುಸ್ತಕದ ಅಂಗಡಿಯಲ್ಲಿಯೋ ಗ್ರಂಥಾಲಯದಲ್ಲಿಯೋ ಇರುವ ಪ್ರತಿಗೆ ಈ ಮಾತು ಅನ್ವಯಿಸುವುದಿಲ್ಲ.

ನಮ್ಮ ಸಭೆಗಳ ಆಸ್ತಿಗಳು ಟ್ರಸ್ಟುಗಳ ಹೆಸರಿನಲ್ಲಿವೆ. ಅವುಗಳ ವ್ಯಾಜ್ಯಗಳೂ ನಮಗೆ ಅಪರಿಚಿತವಲ್ಲ. ಆದರೆ ಪ್ರಸಂಗಪೀಠದ ಮೇಲಿರುವ ಸತ್ಯವೇದದ ಹೆಸರಿನಲ್ಲಿ ಒಂದು ಅಂಗುಲ ನೆಲವೂ ಎಲ್ಲಿಯೂ ನೋಂದಣಿಯಾಗಿಲ್ಲ. ಹಾಗೆ ನೋಂದಾಯಿಸಬೇಕೆಂದು ಯಾರಿಗೂ ತೋರಿಯೂ ಇಲ್ಲ. ಈ ಒಂದು ವ್ಯತ್ಯಾಸವೇ ಸಾಕು, ಧರ್ಮಗಳ ಪರಿಚಯದ ತರಗತಿಗಳಲ್ಲಿ ನಾವು ಸಲೀಸಾಗಿ ಆಡುವ ಒಂದು ಮಾತನ್ನು ಸಂಶಯದಿಂದ ನೋಡುವುದಕ್ಕೆ. ಗುರು ಗ್ರಂಥ ಸಾಹಿಬ್ ಸಿಖ್ಖರ ಬೈಬಲ್ ಎನ್ನುತ್ತೇವೆ. ಹಿಂದೂಗಳಿಗೆ ವೇದ, ಮುಸಲ್ಮಾನರಿಗೆ ಕುರಾನ್, ಸಿಖ್ಖರಿಗೆ ಗ್ರಂಥ ಎಂದು ಕೋಷ್ಟಕ ಹಾಕುತ್ತೇವೆ. ಕೋಷ್ಟಕವು ಪರೀಕ್ಷೆಗೆ ಅನುಕೂಲ. ಚರಿತ್ರೆಯು ಮಾತ್ರ ಬೇರೆಯ ಮಾತನ್ನು ಹೇಳುತ್ತದೆ. ಆ ಗ್ರಂಥವು ಗುರುಗಳ ಕುರಿತಾದ ಪುಸ್ತಕವಲ್ಲ. ಗುರುಗಳು ಕುಳಿತಿದ್ದ ಆಸನದಲ್ಲಿ ಈಗ ಕುಳಿತಿರುವುದೇ ಅದು. ಆ ಆಸನದ ಸಮೀಪಕ್ಕೆ ಯಾರು ಬರಬಹುದು, ಯಾರ ಕೈಯ ಕಾಣಿಕೆಯನ್ನು ಅದರ ಮುಂದೆ ಇಡಬಹುದು ಎಂಬ ಪ್ರಶ್ನೆಯೂ ಅದರ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ.

ಪೋಥಿಗಳಿಂದ ಗ್ರಂಥದವರೆಗೆ

ಗುರು ನಾನಕರು 1469ರಲ್ಲಿ ಹುಟ್ಟಿ 1539ರಲ್ಲಿ ತೀರಿಕೊಂಡರು. ದೀರ್ಘ ಸಂಚಾರದ ಅನಂತರ ರಾವಿ ನದಿಯ ದಡದ ಕರ್ತಾರಪುರದಲ್ಲಿ ನೆಲೆಸಿ, ಹೊಲ ಉಳುತ್ತ, ತಮ್ಮ ಸುತ್ತ ಸೇರಿದವರೊಡನೆ ಬೆಳಿಗ್ಗೆ ಸಂಜೆ ದೇವಸ್ತುತಿ ಹಾಡುತ್ತ ಕೊನೆಯ ವರ್ಷಗಳನ್ನು ಕಳೆದರು. ಅವರು ಬಿಟ್ಟುಹೋದದ್ದು ಉಪದೇಶಗಳ ಸಂಗ್ರಹವನ್ನಲ್ಲ, ಹಾಡುಗಳನ್ನು. ನಮ್ಮ ನಾಡಿನಲ್ಲಿ ಪುರಂದರದಾಸರ ಕೀರ್ತನೆಗಳು ಬಾಯಿಂದ ಬಾಯಿಗೆ ಹರಡುತ್ತಿದ್ದುದೂ ಇದೇ ಶತಮಾನದಲ್ಲಿ ಎಂಬುದನ್ನು ನೆನೆದರೆ ಆ ವಾತಾವರಣವು ನಮಗೆ ತೀರ ದೂರದ್ದೆನಿಸುವುದಿಲ್ಲ.

ನಾನಕರ ರಚನೆಗಳಲ್ಲಿ ಸಿದ್ಧಯೋಗಿಗಳೊಡನೆ ನಡೆದ ಸಂವಾದದ ರೂಪದ ಒಂದು ದೀರ್ಘ ಕವಿತೆಯಿದೆ. ನಿನ್ನ ಗುರು ಯಾರು ಎಂದು ಯೋಗಿಗಳು ಅಲ್ಲಿ ಕೇಳುತ್ತಾರೆ. ನಾನಕರು ಯಾವ ಮನುಷ್ಯನ ಹೆಸರನ್ನೂ ಹೇಳುವುದಿಲ್ಲ. ಶಬ್ದವೇ ಗುರು, ಅದರಲ್ಲಿ ನೆಟ್ಟ ಚಿತ್ತವೇ ಶಿಷ್ಯ ಎಂಬುದು ಅವರ ಉತ್ತರದ ತಾತ್ಪರ್ಯ. ಶಬ್ದವೆಂದರೆ ಇಲ್ಲಿ ಕಿವಿಗೆ ಬೀಳುವ ನಾದ ಮಾತ್ರವಲ್ಲ, ದೇವರು ತನ್ನನ್ನು ತಿಳಿಯಪಡಿಸುವ ವಾಕ್ಕು. ನಾನಕರ ನಂತರದ ಗುರುಗಳು ತಮ್ಮ ಹಾಡುಗಳಿಗೆ ತಮ್ಮ ಹೆಸರನ್ನು ಹಾಕಲಿಲ್ಲ. ಎರಡನೆಯ ಗುರು ಅಂಗದರಿಂದ ಒಂಬತ್ತನೆಯ ಗುರು ತೇಗ್ ಬಹಾದ್ದೂರರವರೆಗೆ ರಚಿಸಿದವರೆಲ್ಲರ ಅಂಕಿತವೂ ನಾನಕ ಎಂಬುದೇ. ಯಾರ ರಚನೆಯೆಂದು ಗುರುತಿಸಲು ಮಹಲಾ ಎಂಬ ಮಾತಿನ ಮುಂದೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕುತ್ತಾರೆ, ಅಷ್ಟೆ. ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದಾಗ ಬೆಂಕಿ ಬೇರೆಯಾಗುವುದಿಲ್ಲವೆಂಬ ಹೋಲಿಕೆಯಿಂದ ಸಿಖ್ಖರು ಇದನ್ನು ವಿವರಿಸುತ್ತಾರೆ. ಗುರುತ್ವವು ದೇಹಕ್ಕೆ ಅಂಟಿಕೊಂಡದ್ದಲ್ಲವೆಂಬ ಈ ತಿಳುವಳಿಕೆ ಮೊದಲೇ ಇದ್ದುದರಿಂದಲೇ, ಮುಂದೆ ಅದು ಒಂದು ಗ್ರಂಥದಲ್ಲಿ ನೆಲೆಗೊಳ್ಳುವುದು ಸಾಧ್ಯವಾಯಿತು.

ಹಾಡುಗಳನ್ನು ಪೋಥಿಗಳಲ್ಲಿ ಬರೆದಿಡುವ ಕಾರ್ಯವು ಮೂರನೆಯ ಗುರು ಅಮರದಾಸರ ಕಾಲಕ್ಕೆ ಗೋಯಿಂದವಾಲದಲ್ಲಿ ಚೆನ್ನಾಗಿ ನಡೆದಿತ್ತು. ಆದರೆ ಗ್ರಂಥವೊಂದನ್ನು ಸ್ಥಿರಪಡಿಸಬೇಕಾದ ಒತ್ತಡ ಬಂದದ್ದು ಐದನೆಯ ಗುರು ಅರ್ಜನರ ಕಾಲದಲ್ಲಿ. 1581ರಲ್ಲಿ ಅರ್ಜನರು ಗುರುಪೀಠಕ್ಕೆ ಬಂದಾಗ ಹಿರಿಯ ಅಣ್ಣ ಪ್ರಿಥೀ ಚಂದ್ ಅದನ್ನು ಒಪ್ಪಲಿಲ್ಲ. ಅವನ ಮಗ ಮೆಹರ್ಬಾನ್ ಪ್ರತಿಭಾವಂತನಾದ ಕವಿ. ಅವನೂ ನಾನಕ ಎಂಬ ಅಂಕಿತದಲ್ಲಿಯೇ ಹಾಡು ಕಟ್ಟುತ್ತಿದ್ದ. ಹಳ್ಳಿಯ ಸಂಗತ್‌ನಲ್ಲಿ ಕುಳಿತು ಹಾಡು ಕೇಳುವ ಶಿಷ್ಯನಿಗೆ ಇದು ಗುರುವಿನದೋ ಪ್ರತಿಸ್ಪರ್ಧಿಯದೋ ಎಂದು ತಿಳಿಯುವುದು ಹೇಗೆ? ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ತನಗೆ ಬೇಕಾದ ಲೇಖನಗಳನ್ನಷ್ಟೇ ಆರಿಸಿ ಸಂಪುಟ ಮಾಡಿದಾಗ ಆದಿಸಭೆಯು ತನ್ನ ಗ್ರಂಥಗಳ ಪಟ್ಟಿಯನ್ನು ಕುರಿತು ಗಂಭೀರವಾಗಿ ಯೋಚಿಸಬೇಕಾಯಿತೆಂಬುದನ್ನು ನಾವು ಸಭಾಚರಿತ್ರೆಯಲ್ಲಿ ಓದಿದ್ದೇವೆ. ಅಮೃತಸರದಲ್ಲಿಯೂ ಅಂಥದೇ ಅಗತ್ಯವು ಕೆಲಸ ಮಾಡಿತು. ವ್ಯತ್ಯಾಸವೆಂದರೆ, ನಮ್ಮಲ್ಲಿ ಆ ಕಾರ್ಯ ಮುಗಿಯಲು ಶತಮಾನಗಳೇ ಹಿಡಿದವು. ಅಲ್ಲಿ ಗುರುವೇ ಮುಂದೆ ನಿಂತು ಆರಿಸಿ, ತಿದ್ದಿ, ಬರೆಸಿದರು. ರಾಮಸರ ಕೊಳದ ದಂಡೆಯಲ್ಲಿ ಭಾಯಿ ಗುರದಾಸರು ಲಿಪಿಕಾರರಾಗಿ ಕುಳಿತರು. 1604ರಲ್ಲಿ ಗ್ರಂಥವು ಸಿದ್ಧವಾಗಿ ಹರಿಮಂದಿರದಲ್ಲಿ ಪ್ರತಿಷ್ಠೆಗೊಂಡಿತು. ನಾನಕರನ್ನೇ ಕಂಡಿದ್ದ ವೃದ್ಧ ಬಾಬಾ ಬುಡ್ಢಾ ಅದರ ಮೊದಲ ಗ್ರಂಥಿಯಾದರು. ಆ ರಾತ್ರಿ ಗ್ರಂಥವನ್ನು ಮಂಚದ ಮೇಲಿರಿಸಿ ಗುರು ಅರ್ಜನರು ನೆಲದ ಮೇಲೆ ಮಲಗಿದರೆಂದು ಸಂಪ್ರದಾಯವು ಹೇಳುತ್ತದೆ. ಗುರು ಕೆಳಗೆ, ಗ್ರಂಥ ಮೇಲೆ. ಮುಂದೆ ನೂರು ವರ್ಷಗಳ ಮೇಲೆ ನಡೆಯಲಿದ್ದುದರ ಮುನ್ಸೂಚನೆಯನ್ನು ಸಿಖ್ಖರು ಈ ಕಥೆಯಲ್ಲಿ ಕಾಣುತ್ತಾರೆ.

ಈ ಗ್ರಂಥದ ವಿನ್ಯಾಸವನ್ನು ಗಮನಿಸದೆ ಮುಂದೆ ಹೋಗಲಾಗದು. ಇಂದಿನ ಮುದ್ರಿತ ಪ್ರತಿಗಳಲ್ಲಿ 1430 ಪುಟಗಳಿವೆ; ಎಲ್ಲ ಪ್ರತಿಗಳಲ್ಲಿಯೂ ಪುಟಗಳು ಒಂದೇ. ಆರಂಭದಲ್ಲಿ ನಿತ್ಯಪ್ರಾರ್ಥನೆಗಳು, ಕೊನೆಯಲ್ಲಿ ಬಿಡಿ ಶ್ಲೋಕಗಳು. ನಡುವಿನ ಬಹುಭಾಗವೆಲ್ಲ 31 ರಾಗಗಳ ಕೆಳಗೆ ಜೋಡಿಸಿದ ಹಾಡುಗಳು. ಸೃಷ್ಟಿಯಿಂದ ಪ್ರಕಟನೆಯವರೆಗೆ ಸಾಗುವ ಕಥನವಿಲ್ಲ, ವಂಶಾವಳಿಯಿಲ್ಲ, ನಾನಕರ ಜೀವನಚರಿತ್ರೆಯೂ ಇಲ್ಲ. ಗುರುಗಳ ಜೀವನಕಥೆಗಳು ಜನಮಸಾಖಿಗಳೆಂಬ ಬೇರೆ ಪುಸ್ತಕಗಳಲ್ಲಿವೆ; ಅವುಗಳಿಗೆ ಈ ಅಧಿಕಾರವಿಲ್ಲ. ನಾಲ್ಕು ಸುವಾರ್ತೆಗಳನ್ನು ತೆಗೆದಿಟ್ಟು ಕೀರ್ತನೆಗಳ ಪುಸ್ತಕವೊಂದನ್ನೇ ಉಳಿಸಿಕೊಂಡು, ಅದನ್ನೂ ರಾಗಾನುಕ್ರಮದಲ್ಲಿ ಜೋಡಿಸಿದಂತೆ ಊಹಿಸಿಕೊಂಡರೆ ಸ್ವಲ್ಪಮಟ್ಟಿಗೆ ಅರ್ಥವಾದೀತು. ಇದು ಹಾಡುವುದಕ್ಕೆ ಕಟ್ಟಿದ ಗ್ರಂಥ. ಮೌನವಾಗಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವನಿಗೆ ಅದು ಹೇಳಿದ್ದನ್ನೇ ಹೇಳುತ್ತಿದೆ ಎಂದು ತೋರಿದರೆ, ಓದುವ ಕ್ರಮವೇ ತಪ್ಪಿದೆ ಎಂದರ್ಥ.

ಗುರು ಅರ್ಜನರು ಸೇರಿಸಿದವರ ಪಟ್ಟಿಯೂ ಅಸಾಧಾರಣವಾದುದು. ಮುಸಲ್ಮಾನ ಸೂಫಿ ಶೇಖ್ ಫರೀದರ ಪದ್ಯಗಳಿವೆ. ನೇಕಾರ ಕಬೀರರ ರಚನೆಗಳು ಐನೂರಕ್ಕೂ ಹೆಚ್ಚು. ಚಮ್ಮಾರ ರವಿದಾಸರ 40 ಹಾಡುಗಳಿವೆ. ಕ್ಷೌರಿಕ ಸೈನ, ಕಟುಕ ಸಾಧನ, ರೈತ ಧನ್ನಾ ಇದ್ದಾರೆ. ಪಂಢರಪುರದ ವಿಠಲನ ಭಕ್ತರಾದ ದರ್ಜಿ ನಾಮದೇವರ ಸುಮಾರು ಅರವತ್ತು ಹಾಡುಗಳಿವೆ. ನಮ್ಮ ಹರಿದಾಸರು ಕೂಗಿ ಕರೆದ ವಿಠಲನೂ ಇದೇ ಪಂಢರಪುರದವನು. ಇವರಲ್ಲಿ ಹೆಚ್ಚಿನವರು ನಾನಕರಿಗಿಂತ ಹಿಂದಿನವರು, ಯಾರೂ ಸಿಖ್ಖರಲ್ಲ. ಗ್ರಂಥದ ಮುಂದೆ ತಲೆಬಾಗುವವನು ಗುರುಗಳ ಜೊತೆಗೆ ಈ ಚಮ್ಮಾರನಿಗೂ ಈ ನೇಕಾರನಿಗೂ ತಲೆಬಾಗುತ್ತಾನೆ. ಇತರ ಧರ್ಮದವರ ಹಾಡುಗಳನ್ನು ತನ್ನ ಅಂಗೀಕೃತ ಸಂಪುಟದೊಳಗೇ ಇಷ್ಟು ಧಾರಾಳವಾಗಿ ಇರಿಸಿಕೊಂಡ ಇನ್ನೊಂದು ಪವಿತ್ರ ಗ್ರಂಥವನ್ನು ನಾನಂತೂ ಅರಿಯೆ. ಯಾವುದನ್ನೂ ಪರೀಕ್ಷಿಸದೆ ಸೇರಿಸಿದರೆಂದಲ್ಲ. ಗುರುಗಳ ಬೋಧನೆಗೆ ಹೊಂದುವಂಥವನ್ನು ಆರಿಸಿಕೊಂಡರು. ಕಬೀರ, ಫರೀದರ ಕೆಲವು ಪದ್ಯಗಳ ಪಕ್ಕದಲ್ಲಿ ಗುರುಗಳು ತಮ್ಮ ಪದ್ಯವನ್ನಿಟ್ಟು ಅರ್ಥವನ್ನು ತಿದ್ದಿರುವುದೂ ಉಂಟು.

ನಾಂದೇಡದ ಘಟನೆ

ಗುರು ಅರ್ಜನರು 1606ರಲ್ಲಿ ಜಹಾಂಗೀರನ ಆಜ್ಞೆಯಿಂದ ಲಾಹೋರಿನಲ್ಲಿ ಪ್ರಾಣ ತೆತ್ತರು. ಮೂಲಪ್ರತಿಯು ಮುಂದೆ ಧೀರ್ ಮಲ್ ಎಂಬ ಪ್ರತಿಸ್ಪರ್ಧಿಯ ಕೈಸೇರಿತು. ಜಾಲಂಧರದ ಸಮೀಪದ ಕರ್ತಾರಪುರದಲ್ಲಿ ಅವನ ವಂಶಜರು ಅದೇ ಎಂದು ಹೇಳುವ ಪ್ರತಿಯು ಇಂದಿಗೂ ಇದೆ. 1675ರಲ್ಲಿ ದೆಹಲಿಯಲ್ಲಿ ಶಿರಚ್ಛೇದಕ್ಕೆ ಗುರಿಯಾದ ಗುರು ತೇಗ್ ಬಹಾದ್ದೂರರ ಹಾಡುಗಳನ್ನು ಅವರ ಮಗ, ಹತ್ತನೆಯ ಗುರು ಗೋವಿಂದ ಸಿಂಗರು ಸೇರಿಸಿದ ಮೇಲೆ ಗ್ರಂಥವು ಈಗಿನ ರೂಪಕ್ಕೆ ಬಂದಿತು. ತಮ್ಮ ಹಾಡುಗಳನ್ನು ಅವರು ಅದರಲ್ಲಿ ಸೇರಿಸಲಿಲ್ಲ. ಅವರ ಹೆಸರಿನಲ್ಲಿರುವ ರಚನೆಗಳು ದಸಮ ಗ್ರಂಥವೆಂಬ ಬೇರೊಂದು ಸಂಪುಟದಲ್ಲಿವೆ.

ಗೋದಾವರಿ ತೀರದ ನಾಂದೇಡದಲ್ಲಿ 1708ರ ಅಕ್ಟೋಬರ್‌ನಲ್ಲಿ, ಹಂತಕನ ಇರಿತದ ಗಾಯದಿಂದ ಗುರು ಗೋವಿಂದ ಸಿಂಗರು ಮರಣಶಯ್ಯೆಯಲ್ಲಿದ್ದರು. ನಾಲ್ವರು ಗಂಡುಮಕ್ಕಳೂ ಮೊದಲೇ ಹತರಾಗಿದ್ದರು. ಮುಂದಿನ ಗುರು ಯಾರೆಂದು ಶಿಷ್ಯರು ಕೇಳಿದಾಗ ಅವರು ಗ್ರಂಥವನ್ನು ತರಿಸಿ, ಅದರ ಮುಂದೆ ಐದು ಪೈಸೆಯನ್ನೂ ತೆಂಗಿನಕಾಯಿಯನ್ನೂ ಇಟ್ಟು ನಮಸ್ಕರಿಸಿ, ಇನ್ನು ಮುಂದೆ ಇದೇ ನಿಮ್ಮ ಗುರುವೆಂದರು. ಸಿಖ್ ಸಂಪ್ರದಾಯವು ಹೇಳುವುದು ಹೀಗೆ. ಹಿಂದಿನ ಗುರುಗಳು ಉತ್ತರಾಧಿಕಾರಿಯನ್ನು ನೇಮಿಸುವಾಗ ಮಾಡುತ್ತಿದ್ದ ವಿಧಿಯೇ ಇದು. ಈ ಸಲ ಎದುರಿಗೆ ಮನುಷ್ಯನಿರಲಿಲ್ಲ. ಬೀದರಿನ ಕಡೆಯಿಂದ ಬಂದ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರದೇಶ ಹೊಸದಲ್ಲ. ನಾಂದೇಡವು ಅವರ ನೆರೆಯ ಸೀಮೆ. ನಾನಕ್ ಝೀರಾ ಗುರುದ್ವಾರವು ಅವರ ಊರಿನಲ್ಲಿಯೇ ಇದೆ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರೆಂದು ಸಿಖ್ಖರು ಸ್ಮರಿಸುತ್ತಾರೆ.

ಇತಿಹಾಸಕಾರರಲ್ಲಿ ಈ ವಿಷಯದ ಮೇಲೆ ಚರ್ಚೆಯಿದೆ. ಆ ದಿನಗಳಿಗೆ ಸಮೀಪದವನಾದ ಕವಿ ಸೈನಾಪತಿಯು ತನ್ನ ಗುರಸೋಭಾ ಎಂಬ ಕೃತಿಯಲ್ಲಿ ಗುರುತ್ವವು ಖಾಲ್ಸಾಕ್ಕೂ ಶಬ್ದಕ್ಕೂ ಸಂದಿತೆನ್ನುತ್ತಾನೆ. ಜಾನ್ ಮಾಲ್ಕಮ್ 1805ರಲ್ಲಿ ಪಂಜಾಬಿಗೆ ಹೋದವನು; 1812ರಲ್ಲಿ ಪ್ರಕಟವಾದ ಅವನ ಪುಸ್ತಕದ ವರ್ಣನೆಯಂತೆ, ಸರದಾರರು ಕೂಡಿ ನಿರ್ಣಯ ಕೈಗೊಳ್ಳುವಾಗ ಆದಿ ಗ್ರಂಥ, ದಸಮ ಗ್ರಂಥ ಎರಡೂ ಅವರ ಮುಂದೆ ಇರುತ್ತಿದ್ದವು. ಅಂದರೆ 1708ರ ನಿರ್ಣಯವು ಇಂದಿನ ಸ್ಪಷ್ಟರೂಪವನ್ನು ಪಡೆಯಲು ಕಾಲ ಹಿಡಿಯಿತು. ನಾಮಧಾರಿ ಸಿಖ್ಖರು ಮಾನವ ಗುರುಪರಂಪರೆಯು ನಿಂತಿಲ್ಲವೆಂದೇ ಇಂದಿಗೂ ನಂಬುತ್ತಾರೆ. ಆದರೂ ನನಗೆ ತೋರುವಂತೆ, ನಾಂದೇಡದಲ್ಲಿ ಏನೂ ನಡೆಯದಿದ್ದರೆ ಹದಿನೆಂಟನೆಯ ಶತಮಾನದ ಸಿಖ್ಖರ ನಡತೆಯನ್ನು ವಿವರಿಸುವುದು ಕಷ್ಟ. ಬೇಟೆಯ ಪ್ರಾಣಿಗಳಂತೆ ಅಟ್ಟಿಸಿಕೊಂಡು ಕಾಡುಮೇಡುಗಳಲ್ಲಿ ಅಲೆದ ಜನ, ಪ್ರಬಲರಾದ ನಾಯಕರು ಅನೇಕರಿದ್ದರೂ, ಅವರಲ್ಲಿ ಒಬ್ಬನನ್ನಾದರೂ ಹನ್ನೊಂದನೆಯ ಗುರುವೆಂದು ಒಟ್ಟಾಗಿ ಒಪ್ಪಿಕೊಳ್ಳಲಿಲ್ಲ.

ಇಲ್ಲಿ ನಮ್ಮ ದೇವಶಾಸ್ತ್ರಕ್ಕೆ ಒಂದು ಮಾತು. ಯೋಹಾನನ ಸುವಾರ್ತೆಯ ಪೀಠಿಕೆಯಲ್ಲಿ ವಾಕ್ಯವು ಮನುಷ್ಯನಾಗಿ ನಮ್ಮ ನಡುವೆ ಬಂದುದನ್ನು ನಾವು ಅರಿಕೆಮಾಡುತ್ತೇವೆ. ಸತ್ಯವೇದವು ಆತನಿಗೆ ಸಾಕ್ಷಿ. ಸಿಖ್ಖರಲ್ಲಿ ಚಲನೆಯು ಎದುರು ದಿಕ್ಕಿನದು: ಹತ್ತು ಮಂದಿ ಮನುಷ್ಯರಲ್ಲಿ ನೆಲೆಸಿ ಮಾತಾಡಿದ ಶಬ್ದವು ಮನುಷ್ಯದೇಹವನ್ನು ಬಿಟ್ಟು ಗ್ರಂಥದಲ್ಲಿ ಉಳಿಯಿತು. ಆದುದರಿಂದ ಹೋಲಿಸಲೇಬೇಕಾದರೆ ಗ್ರಂಥವನ್ನು ಬೈಬಲಿಗೆ ಹೋಲಿಸುವುದಕ್ಕಿಂತ, ಸಭೆಯ ನಡುವೆ ಕ್ರಿಸ್ತನ ಸಾನ್ನಿಧ್ಯವನ್ನು ಕುರಿತು ನಾವು ಆಡುವ ಮಾತುಗಳಿಗೆ, ಕರ್ತನ ಮೇಜಿನ ಬಳಿ ನಾವು ತೋರುವ ಭಯಭಕ್ತಿಗೆ ಹೋಲಿಸುವುದು ಸತ್ಯಕ್ಕೆ ಹತ್ತಿರ. ಈ ಹೋಲಿಕೆಗೂ ಮಿತಿಯುಂಟು. ಗ್ರಂಥವು ದೇವರ ಅವತಾರವೆಂದು ಸಿಖ್ಖರು ಹೇಳುವುದಿಲ್ಲ. ದೇವರು ಜನ್ಮವೆತ್ತುವುದಿಲ್ಲವೆಂಬುದು ಅವರ ಮೂಲವಿಶ್ವಾಸಗಳಲ್ಲೊಂದು. ಈ ಬಿಂದುವಿನಲ್ಲಿ ನಮ್ಮ ದಾರಿ ಬೇರೆ, ಅವರ ದಾರಿ ಬೇರೆ. ಸಂವಾದದ ಉತ್ಸಾಹದಲ್ಲಿ ಇದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ದಿನಚರಿ

ಗುರುದ್ವಾರದ ಆರಾಧನೆಯನ್ನು ನೋಡಿದರೆ ಈ ವಿಶ್ವಾಸವು ಕೈಕಾಲುಗಳಲ್ಲಿ ಹೇಗೆ ಇಳಿದಿದೆಯೆಂದು ತಿಳಿಯುತ್ತದೆ. ನಸುಕಿನಲ್ಲಿ ಗ್ರಂಥವನ್ನು ಅದರ ವಿಶ್ರಾಂತಿಯ ಕೋಣೆಯಿಂದ ತರುತ್ತಾರೆ. ಅಮೃತಸರದಲ್ಲಿ ಪಲ್ಲಕ್ಕಿಯಲ್ಲಿ, ಸಣ್ಣ ಊರುಗಳಲ್ಲಿ ಭಕ್ತನೊಬ್ಬನ ತಲೆಯ ಮೇಲೆ. ಮೇಲ್ಕಟ್ಟಿನ ಕೆಳಗೆ ದಿಂಬುಗಳ ಮೇಲಿರಿಸಿ ತೆರೆಯುವುದಕ್ಕೆ ಪ್ರಕಾಶವೆಂದು ಹೆಸರು. ಓದದಿರುವಾಗ ರುಮಾಲಾ ಎಂಬ ವಸ್ತ್ರವನ್ನು ಹೊದಿಸುತ್ತಾರೆ. ಹಿಂದೆ ಅರಸರಿಗೆ ಬೀಸುತ್ತಿದ್ದ ಚಾಮರವನ್ನು ಅದರ ಮೇಲೆ ಬೀಸುತ್ತಾರೆ. ಬಂದವರು ಪಾದರಕ್ಷೆ ಕಳಚಿ, ತಲೆ ಮುಚ್ಚಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಗ್ರಂಥಕ್ಕಿಂತ ಕೆಳಗೆ ನೆಲದ ಮೇಲೆ ಕೂರುತ್ತಾರೆ. ಪ್ರಸಂಗಕ್ಕಿಂತ ಕೀರ್ತನವೇ ಹೆಚ್ಚಿನ ಹೊತ್ತು ನಡೆಯುತ್ತದೆ. ರಾತ್ರಿ ಗ್ರಂಥವನ್ನು ಮುಚ್ಚಿ ಕೋಣೆಗೆ ಕೊಂಡೊಯ್ಯುವುದು ಸುಖಾಸನ. ಮದುವೆಯಲ್ಲಿ ವಧೂವರರು ಗ್ರಂಥದ ಸುತ್ತ ನಾಲ್ಕು ಪ್ರದಕ್ಷಿಣೆ ಬರುತ್ತಾರೆ. 1909ರ ಆನಂದ ವಿವಾಹ ಕಾಯಿದೆಯು ಇದಕ್ಕೆ ಮಾನ್ಯತೆ ಕೊಟ್ಟಿತು. ವಿಶೇಷ ಸಂದರ್ಭಗಳಲ್ಲಿ ಓದುಗರು ಸರದಿಯಂತೆ ಕುಳಿತು ಸುಮಾರು 48 ಗಂಟೆಗಳಲ್ಲಿ ಇಡೀ ಗ್ರಂಥವನ್ನು ಎಡೆಬಿಡದೆ ಓದಿ ಮುಗಿಸುತ್ತಾರೆ. ಜೀರ್ಣವಾದ ಪ್ರತಿಗಳನ್ನು ರದ್ದಿಗೆ ಹಾಕುವುದಿಲ್ಲ. ಗೋಯಿಂದವಾಲದಂಥ ಕಡೆಗಳಲ್ಲಿ ವಿಧಿಪೂರ್ವಕವಾಗಿ ಅಗ್ನಿಗೆ ಅರ್ಪಿಸುತ್ತಾರೆ.

ಇವೆಲ್ಲಕ್ಕೂ ನಡುವೆ ಇರುವುದು ಹುಕಮ್, ಎಂದರೆ ಆಜ್ಞೆ. ಪ್ರಾರ್ಥನೆಯ ಬಳಿಕ ಗ್ರಂಥವನ್ನು ಇದ್ದಕ್ಕಿದ್ದಂತೆ ತೆರೆದು, ಎಡಪುಟದ ಮೇಲ್ಭಾಗದಲ್ಲಿ ಕಾಣುವ ಹಾಡನ್ನು ಓದುತ್ತಾರೆ. ಆ ದಿನಕ್ಕೆ, ಆ ಸಭೆಗೆ ಗುರುವಿನ ಮಾತು ಅದೇ. ಮಗುವಿನ ಹೆಸರನ್ನು ಹೀಗೆ ಬಂದ ಹಾಡಿನ ಮೊದಲ ಅಕ್ಷರದಿಂದ ಆರಿಸುತ್ತಾರೆ. ಇದು ಶಕುನ ನೋಡುವುದಲ್ಲವೇ ಎಂದು ನಮ್ಮಲ್ಲಿ ಕೆಲವರು ಮೂಗು ಮುರಿಯುವುದುಂಟು. ಆದರೆ ಮಿಲಾನಿನ ತೋಟದಲ್ಲಿ ಅಗಸ್ಟೀನನು ಪುಸ್ತಕವನ್ನೆತ್ತಿ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದ ಮಾತನ್ನು ಓದಿದ್ದು ಹೇಗೆ? ಹೆರ್ನ್‌ಹೂಟಿನ ಮೊರೇವಿಯನ್ನರು 1731ರಿಂದ ವರ್ಷವರ್ಷವೂ ಅಚ್ಚುಮಾಡಿಸುವ ದಿನವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಹೊಸವರ್ಷದ ಆರಾಧನೆಯಲ್ಲಿ ವಾಗ್ದಾನದ ಕಾರ್ಡನ್ನು ಎತ್ತಿಕೊಳ್ಳಲು ನಮ್ಮ ಸಭೆಗಳಲ್ಲಿ ಎಷ್ಟು ಕೈಗಳು ಚಾಚುತ್ತವೆಂಬುದನ್ನು ಪಾಲಕರು ಬಲ್ಲರು. ಆದರೂ ಅಂತರವಿದೆ. ನಮ್ಮಲ್ಲಿ ಇದು ವ್ಯಕ್ತಿಯ ಸಮಾಧಾನಕ್ಕೆ; ಅಲ್ಲಿ ಇಡೀ ಸಂಗತ್ತನ್ನು ಕಟ್ಟುವ ಆಜ್ಞೆ.

ಪುಟಗಳನ್ನು ಓದಿದ ಇಬ್ಬರು

1869ರಲ್ಲಿ ಬ್ರಿಟಿಷ್ ಸರ್ಕಾರದ ಇಂಡಿಯಾ ಕಛೇರಿಯು ಸಿಖ್ಖರ ಗ್ರಂಥವನ್ನು ಇಂಗ್ಲಿಷಿಗೆ ತರುವ ಕೆಲಸವನ್ನು ಎರ್ನ್ಸ್ಟ್ ಟ್ರಂಪ್ ಎಂಬ ಜರ್ಮನ್ ವಿದ್ವಾಂಸನಿಗೆ ಒಪ್ಪಿಸಿತು. ಹಿಂದೆ ಚರ್ಚ್ ಮಿಷನರಿ ಸೊಸೈಟಿಗಾಗಿ ಸಿಂಧ್, ಪೆಷಾವರಗಳಲ್ಲಿ ಭಾಷೆಗಳನ್ನು ಅಭ್ಯಸಿಸಿದ್ದ ಅವನು ವುರ್ಟೆಂಬರ್ಗ್ ಸೀಮೆಯವನು, ಟ್ಯೂಬಿಂಗನ್‌ನಲ್ಲಿ ಓದಿದವನು. ಅದೇ ಸೀಮೆಯಿಂದ, ಅದೇ ಟ್ಯೂಬಿಂಗನ್‌ನಿಂದ ಮಂಗಳೂರಿಗೆ ಬಂದಿದ್ದ ಹರ್ಮನ್ ಮೊಗ್ಲಿಂಗ್ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಮಾಡಿಸಿದ್ದು ಇದಕ್ಕಿಂತ ಇಪ್ಪತ್ತು ವರ್ಷ ಹಿಂದೆ. ಟ್ರಂಪನ ದಾರಿ ಬೇರೆಯಾಯಿತು. ಅವನ ಭಾಷಾಪಾಂಡಿತ್ಯ ನಿಜವಾಗಿಯೂ ದೊಡ್ಡದು. ಆದರೆ ಗ್ರಂಥಿಗಳ ವಿವರಣೆ ಅವನಿಗೆ ನಿರರ್ಥಕವೆನಿಸಿತು. ಗ್ರಂಥವು ಅಸಂಬದ್ಧ, ಪುನರುಕ್ತಿಗಳಿಂದ ತುಂಬಿದ್ದು ಎಂದು 1877ರಲ್ಲಿ ಪ್ರಕಟವಾದ ತನ್ನ ಅಪೂರ್ಣ ಅನುವಾದದ ಪೀಠಿಕೆಯಲ್ಲಿಯೇ ಬರೆದನು. ತೆರೆದ ಗ್ರಂಥದ ಮುಂದೆ ಕುಳಿತು ಚುಟ್ಟಾ ಸೇದಿದನೆಂಬ ಮಾತು ಸಿಖ್ಖರಲ್ಲಿ ಇಂದಿಗೂ ಉಳಿದಿದೆ. ತಂಬಾಕನ್ನು ಮುಟ್ಟದ ಖಾಲ್ಸಾ ಸಿಖ್ಖನಿಗೆ ಅದು ಗುರುವಿನ ಮುಖಕ್ಕೆ ಹೊಗೆ ಬಿಟ್ಟಂತೆ. ಅನುವಾದಕ್ಕಿಂತ ಈ ಕಥೆಯೇ ಹೆಚ್ಚು ದಿನ ಬಾಳಿತು.

ಅನಂತರ ಬಂದವನು ಐರ್ಲೆಂಡಿನ ಮ್ಯಾಕ್ಸ್ ಆರ್ಥರ್ ಮೆಕಾಲಿಫ್. ಪಂಜಾಬಿನಲ್ಲಿ ಅಧಿಕಾರಿಯಾಗಿದ್ದವನು 1893ರಲ್ಲಿ ಹುದ್ದೆಯನ್ನೇ ಬಿಟ್ಟು, ಕಾಹನ್ ಸಿಂಗ್ ನಾಭಾ ಮೊದಲಾದ ಸಿಖ್ ವಿದ್ವಾಂಸರ ಜೊತೆ ಕುಳಿತು, ಅನುವಾದವನ್ನು ಅವರಿಗೆ ತೋರಿಸಿ ತಿದ್ದಿಸಿಕೊಂಡು, 1909ರಲ್ಲಿ ಆರು ಸಂಪುಟಗಳನ್ನು ಪ್ರಕಟಿಸಿದನು. ವಿಮರ್ಶಕನ ದೂರವನ್ನು ಅವನು ಉಳಿಸಿಕೊಳ್ಳಲಿಲ್ಲವೆಂಬ ಆಕ್ಷೇಪವು ನ್ಯಾಯವಾದದ್ದೇ. ಆದರೆ ಹಾಡನ್ನು ಹಾಡುವವರಿಂದ ಕೇಳಬೇಕೆಂಬುದನ್ನು ಅವನು ಅರಿತಿದ್ದನು. ಆರು ಸಂಪುಟಗಳ ಸ್ವಲ್ಪ ಮುಂಚೆ, 1904ರ ಡಿಸೆಂಬರಿನಲ್ಲಿ, ಲುಧಿಯಾನಾ ಸೀಮೆಯ ರಾಂಪುರದಲ್ಲಿ ಸಿಖ್ ಮನೆತನದ ಹದಿನೈದರ ಹುಡುಗನೊಬ್ಬನು ಮಿಷನ್ ಶಾಲೆಯಲ್ಲಿ ಕೊಟ್ಟ ಸುವಾರ್ತೆಯನ್ನು ಹರಿದು ಬೆಂಕಿಗೆ ಹಾಕಿದ್ದನು. ಅವನೇ ಸಾಧು ಸುಂದರಸಿಂಗರು. ಅವರ ಮನಃಪರಿವರ್ತನೆಯನ್ನು ನಾವು ಎಷ್ಟೋ ಪ್ರಸಂಗಗಳಲ್ಲಿ ಹೇಳಿದ್ದೇವೆ. ಮಗನನ್ನು ಗದರಿಸಿದ ತಂದೆಯ ಮಾತನ್ನು ಮಾತ್ರ ಬೇಗನೆ ದಾಟಿಬಿಡುತ್ತೇವೆ. ಗ್ರಂಥವನ್ನು ಗುರುವೆಂದು ಕಾಣುವ ಸಮಾಜದ ಮನುಷ್ಯನಿಗೆ ಪರಧರ್ಮದ ಪುಸ್ತಕವನ್ನು ಸುಡುವುದೂ ಸಹಿಸದ ಕೃತ್ಯವೇ ಆಗಿತ್ತು.

1920ರ ಅಕ್ಟೋಬರ್ 12

ಗ್ರಂಥದಲ್ಲಿ ಚಮ್ಮಾರ ರವಿದಾಸರ ಹಾಡುಗಳಿದ್ದರೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹರಿಮಂದಿರದ ಪೂಜಾರಿಗಳು ಅಸ್ಪೃಶ್ಯರೆನಿಸಿಕೊಂಡ ಸಿಖ್ಖರ ಕೈಯಿಂದ ಕಡಾಹ್ ಪ್ರಸಾದವನ್ನು ಸ್ವೀಕರಿಸುತ್ತಿರಲಿಲ್ಲ. 1920ರ ಅಕ್ಟೋಬರ್ 12ರಂದು ಜಲಿಯನ್‌ವಾಲಾ ಬಾಗಿನಲ್ಲಿ ಸಮಾವೇಶವೊಂದು ನಡೆಯಿತು. ಗುಂಡಿನ ಮಳೆ ಸುರಿದ ಆ ನೆಲದಲ್ಲಿ ಒಂದೂವರೆ ವರ್ಷದ ಮೇಲೆ ಕೆಳಜಾತಿಗಳ ಅನೇಕರು ಅಮೃತದೀಕ್ಷೆ ಪಡೆದು ಖಾಲ್ಸಾ ಸೇರಿದರು. ಅಲ್ಲಿಂದ ಅವರು, ಸುಧಾರಕರೂ ಕಾಲೇಜಿನ ಅಧ್ಯಾಪಕರೂ ಜೊತೆಗೂಡಿ, ಪ್ರಸಾದವನ್ನು ಹಿಡಿದು ಹರಿಮಂದಿರಕ್ಕೆ ಹೋದರು. ಪೂಜಾರಿಗಳು ಪ್ರಾರ್ಥನೆ ಮಾಡಲೂ ಪ್ರಸಾದ ಮುಟ್ಟಲೂ ಒಪ್ಪಲಿಲ್ಲ. ವಾದ ಬೆಳೆಯಿತು. ಕಡೆಗೆ, ಗುರುವನ್ನೇ ಕೇಳೋಣವೆಂದು ಎರಡು ಪಕ್ಷದವರೂ ಒಪ್ಪಿದರು.

ಗ್ರಂಥವನ್ನು ತೆರೆದಾಗ ಬಂದದ್ದು ಸೋರಠ್ ರಾಗದಲ್ಲಿ ಗುರು ಅಮರದಾಸರ ಒಂದು ಹಾಡು. ಅರ್ಹತೆಯಿಲ್ಲದವರನ್ನೂ ದೇವರು ಕ್ಷಮಿಸಿ ಗುರುವಿನ ಸೇವೆಗೆ ಹಚ್ಚುತ್ತಾನೆಂಬುದು ಅದರ ಅಭಿಪ್ರಾಯ. ಪೂಜಾರಿಗಳಿಗೆ ಹೇಳಲು ಏನೂ ಉಳಿಯಲಿಲ್ಲ. ಪ್ರಾರ್ಥನೆ ನಡೆಯಿತು, ಪ್ರಸಾದವನ್ನು ಹಂಚಿದರು. ಗುಂಪು ಎದುರಿನ ಅಕಾಲ್ ತಖ್ತ್‌ಗೆ ಹೋದಾಗ ಅಲ್ಲಿನ ಪೂಜಾರಿಗಳು ಜಾಗ ಬಿಟ್ಟು ಹೊರಟುಹೋಗಿದ್ದರು; ಸುಧಾರಕರು ಅದರ ಹೊಣೆಯನ್ನು ಕೈಗೆ ತೆಗೆದುಕೊಂಡರು. ನವೆಂಬರಿನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯು ಹುಟ್ಟಿತು. ಮುಂದಿನ ಐದು ವರ್ಷಗಳ ಅಕಾಲಿ ಹೋರಾಟ, 1925ರ ಗುರುದ್ವಾರ ಕಾಯಿದೆ ಎಲ್ಲವೂ ಅದರ ಹಿಂದೆಯೇ ಬಂದವು.

ಹಾಡು ಬೇರೆಯದು ಬಂದಿದ್ದರೆ ಏನಾಗುತ್ತಿತ್ತೆಂದು ತರ್ಕಿಸುವವರು ಒಂದನ್ನು ಗಮನಿಸಬೇಕು. ಆ ಗ್ರಂಥದಲ್ಲಿ ಎಲ್ಲಿ ತೆರೆದರೂ ಜಾತಿಯ ಹೆಮ್ಮೆಗೆ ಬೆಂಬಲ ಸಿಗುವುದು ದುರ್ಲಭ. ಪೂಜಾರಿಗಳು ಕೇಳಲು ಒಪ್ಪಿದಾಗಲೇ ಸೋತಿದ್ದರು. ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಪ್ರತ್ಯೇಕ ಬೆಂಚು, ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸ್ಮಶಾನಗಳ ವಾದಗಳು ನಡೆದಿವೆ. ಆ ವಾದಗಳ ನಡುವೆ ಸತ್ಯವೇದವು ಮೇಜಿನ ಮೇಲೆಯೇ ಇತ್ತು. ಎರಡೂ ಪಕ್ಷದವರು ತಂತಮ್ಮ ವಚನಗಳನ್ನು ಮೊದಲೇ ಆರಿಸಿಕೊಂಡು ಬಂದಿದ್ದರು. ತನಗೆ ಬೇಕಾದ ವಚನವನ್ನು ತಾನು ಆರಿಸದೆ, ಬಂದದ್ದಕ್ಕೆ ತಲೆಬಾಗುವ ಶಿಸ್ತು ಹುಕಮಿನಲ್ಲಿದೆ. ವ್ಯಾಖ್ಯಾನಶಾಸ್ತ್ರದ ಯಾವ ಪಾಠದಲ್ಲಿಯೂ ನಾವು ಅದನ್ನು ಕಲಿಸುವುದಿಲ್ಲ.

ಆದರೂ 1920ರ ಆಜ್ಞೆಯಿಂದ ಎಲ್ಲವೂ ಸರಿಹೋಯಿತೆಂದರೆ ಚರಿತ್ರೆಗೆ ಅಪಚಾರವಾದೀತು. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ಜಾತಿಗೊಂದು ಗುರುದ್ವಾರ ಇಂದಿಗೂ ಇದೆ. ಒಳಗಿರುವ ಗ್ರಂಥ ಮಾತ್ರ ಒಂದೇ. 2009ರ ಮೇ 24ರಂದು ಆಸ್ಟ್ರಿಯಾದ ವಿಯೆನ್ನಾ ನಗರದ ರವಿದಾಸ ಮಂದಿರದಲ್ಲಿ ದಾಳಿ ನಡೆದು, ಜಾಲಂಧರ ಬಳಿಯ ಬಲ್ಲಾನ್ ಡೇರೆಯಿಂದ ಬಂದಿದ್ದ ಒಬ್ಬ ಸಂತರು ಹತರಾದರು. ಗುರು ಗ್ರಂಥ ಸಾಹಿಬ್‌ನ ಸನ್ನಿಧಿಯಲ್ಲಿ ಜೀವಂತ ಮನುಷ್ಯನಿಗೆ ಗೌರವ ಸಲ್ಲುತ್ತಿದೆಯೆಂಬುದು ದಾಳಿಗೆ ಕೊಟ್ಟ ಕಾರಣವೆಂದು ವರದಿಯಾಯಿತು. ಪಂಜಾಬಿನ ದಲಿತ ಕೇರಿಗಳು ದಿನಗಟ್ಟಲೆ ಹೊತ್ತಿ ಉರಿದವು. ಮರುವರ್ಷ ಜನವರಿ 30ರಂದು, ರವಿದಾಸ ಜಯಂತಿಯ ದಿನ, ವಾರಾಣಸಿಯಲ್ಲಿ ಆ ಡೇರೆಯವರು ರವಿದಾಸಿಯಾ ಎಂಬ ಪ್ರತ್ಯೇಕ ಧರ್ಮವನ್ನು ಘೋಷಿಸಿ, ರವಿದಾಸರ ಹಾಡುಗಳು ಮಾತ್ರವಿರುವ ಅಮೃತಬಾಣಿ ಎಂಬ ಹೊಸ ಗ್ರಂಥವನ್ನು ಮುಂದಿಟ್ಟರು. 1604ರಲ್ಲಿ ಗುರು ಅರ್ಜನರು ಆರಿಸಿ ಸೇರಿಸಿದ್ದ 40 ಹಾಡುಗಳೂ ಅದರಲ್ಲಿವೆ. ಕೆಲವು ರವಿದಾಸ ಮಂದಿರಗಳಲ್ಲಿ ಗುರು ಗ್ರಂಥ ಸಾಹಿಬ್ ಹಾಗೆಯೇ ಉಳಿಯಿತು. ಇನ್ನು ಕೆಲವು ಮಂದಿರಗಳಲ್ಲಿ ಅದನ್ನು ಮರ್ಯಾದೆಯಿಂದ ಕಳುಹಿಸಿಕೊಟ್ಟು, ಅದೇ ಮೇಲ್ಕಟ್ಟಿನ ಕೆಳಗೆ, ಅದೇ ದಿಂಬುಗಳ ಮೇಲೆ ಅಮೃತಬಾಣಿಯನ್ನು ಇರಿಸಿ, ವಸ್ತ್ರ ಹೊದಿಸಿ, ಚಾಮರ ಬೀಸತೊಡಗಿದರು.